ಪವರ್ಡ್ ಸ್ಪೀಕರ್: ಸುರಕ್ಷಿತ ಬಳಕೆ ಮತ್ತು ದೋಷಪತ್ತೆ

ಪವರ್ಡ್ ಸ್ಪೀಕರ್ ಎಂದರೆ ಆಂಪ್ಲಿಫೈಯರನ್ನು ತನ್ನೊಳಗೇ ಇರಿಸಿಕೊಂಡಿರುವ ಧ್ವನಿವರ್ಧಕ. ಮೈಕ್ ಸೆಟ್ ನಡೆಸುವವರು ಇದನ್ನು ಆಕ್ಟಿವ್ ಬಾಕ್ಸ್ ಎಂದೂ ಕರೆಯುತ್ತಾರೆ. ಶಾಲೆಯ ವಾರ್ಷಿಕೋತ್ಸವ, ಮದುವೆ ಮಂಟಪ, ಯಕ್ಷಗಾನದ ರಂಗಸ್ಥಳ, ಗಣೇಶೋತ್ಸವದ ಪೆಂಡಾಲು ಎಲ್ಲೆಡೆ ಮೂರು ಕಾಲಿನ ಸ್ಟ್ಯಾಂಡ್ ಏರಿ ನಿಂತಿರುವ ಕಪ್ಪು ಪೆಟ್ಟಿಗೆಗಳಲ್ಲಿ ಇಂದು ಬಹಳಷ್ಟು ಈ ಜಾತಿಗೆ ಸೇರಿದವು. ಒಬ್ಬರೇ ಹೊತ್ತು ತಂದು ಹತ್ತು ನಿಮಿಷದಲ್ಲಿ ಜೋಡಿಸಿಬಿಡಬಹುದಾದ ಸೌಕರ್ಯದಿಂದಾಗಿ ಇವು ಪರಿಣತರ ಕೈಯಿಂದ ಶಿಕ್ಷಕರ, ಸಂಘದ ಕಾರ್ಯಕರ್ತರ, ಅರ್ಚಕರ ಕೈಗೂ ಬಂದಿವೆ. ಜೋಡಿಸುವುದು ಸುಲಭವಾಗಿದೆ ನಿಜ. ಅದರ ಬೆನ್ನಿಗೇ ಹಳೆಯ ಏರ್ಪಾಡಿನಲ್ಲಿ ಇಲ್ಲದಿದ್ದ ಒಂದು ಅಪಾಯವೂ ಬಂದು ಸೇರಿದೆ.

ಹಳೆಯ ಮೈಕ್ ಸೆಟ್ಟಿನಲ್ಲಿ ಆಂಪ್ಲಿಫೈಯರ್ ನಿರ್ವಾಹಕನ ಮೇಜಿನ ಮೇಲಿರುತ್ತಿತ್ತು. ಅಲ್ಲಿಂದ ಹೊರಟ ಎರಡೆಳೆಯ ತಂತಿ ಮರಕ್ಕೋ ಕಂಬಕ್ಕೋ ಕಟ್ಟಿದ ಹಾರ್ನಿನವರೆಗೆ ಧ್ವನಿಯ ಸಂಕೇತವನ್ನು ಒಯ್ಯುತ್ತಿತ್ತು. ದೂರದ ಹಾರ್ನುಗಳಿಗೆ ಬಳಸುತ್ತಿದ್ದ 100 ವೋಲ್ಟ್ ಲೈನಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ತು ಇರುತ್ತಿತ್ತಾದರೂ ಮನೆಗೆ ಬರುವ 230 ವೋಲ್ಟಿನ ಕರೆಂಟು ಮಾತ್ರ ಮೇಜಿನ ಬಳಿಯೇ ನಿಲ್ಲುತ್ತಿತ್ತು. ಪವರ್ಡ್ ಸ್ಪೀಕರಿನಲ್ಲಿ ಹಾಗಿಲ್ಲ. ಪ್ರತಿಯೊಂದು ಪೆಟ್ಟಿಗೆಗೂ ಎರಡು ತಂತಿಗಳು ಹೋಗಬೇಕು: ಒಂದು ಸಂಕೇತದ್ದು, ಇನ್ನೊಂದು 230 ವೋಲ್ಟಿನದ್ದು. ಮಕ್ಕಳು ಓಡಾಡುವ, ನೀರು ಚೆಲ್ಲುವ, ಕುರ್ಚಿಗಳನ್ನು ಎಳೆದಾಡುವ ಜಾಗಕ್ಕೆ ಕರೆಂಟು ಹೋಗಿ ನಿಲ್ಲುತ್ತದೆ. ಆದ್ದರಿಂದ ಧ್ವನಿಯ ಗುಣಮಟ್ಟದ ಮಾತಿಗಿಂತ ಮೊದಲು ಬರಬೇಕಾದದ್ದು ಈ ಎರಡನೆಯ ತಂತಿಯ ಮಾತು.

ಪೆಟ್ಟಿಗೆಯ ಒಳಗೇನಿದೆ ಎಂಬುದನ್ನು ಸ್ಥೂಲವಾಗಿ ತಿಳಿದಿದ್ದರೆ ಮುಂದಿನದು ಸಲೀಸು. ಸಾಮಾನ್ಯ ಪೆಟ್ಟಿಗೆಯಲ್ಲಿ ಕೆಳಸ್ವರಗಳಿಗೆ 10, 12 ಅಥವಾ 15 ಇಂಚಿನ ದೊಡ್ಡ ಕೋನ್, ಮೇಲುಸ್ವರಗಳಿಗೆ ಹಾರ್ನಿನ ಹಿಂದೆ ಕುಳಿತ ಪುಟ್ಟ ಡ್ರೈವರ್ ಇರುತ್ತವೆ. ಬಂದ ಸಂಕೇತವನ್ನು ಕ್ರಾಸ್‌ಓವರ್ ಎಂಬ ಭಾಗ ಎರಡಾಗಿ ಒಡೆಯುತ್ತದೆ. ಎಷ್ಟೋ ಮಾದರಿಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರುಗಳಿವೆ. ಮಿತಿ ಮೀರಿದ ಸಂಕೇತವನ್ನು ತಗ್ಗಿಸುವ ಲಿಮಿಟರ್, ಬಿಸಿಯೇರಿದರೆ ಸದ್ದನ್ನು ಇಳಿಸುವ ಅಥವಾ ನಿಲ್ಲಿಸುವ ರಕ್ಷಣಾ ವ್ಯವಸ್ಥೆ ಕೂಡ ಅಲ್ಲೇ ಇರುತ್ತವೆ. ಯಾವ ಕೋನ್‌ಗೆ ಎಷ್ಟು ಶಕ್ತಿ ಹೋಗಬೇಕೆಂಬುದನ್ನು ತಯಾರಕರೇ ಹೊಂದಿಸಿಟ್ಟಿರುವುದರಿಂದ ಹೊಂದಿಕೆಯಾಗದ ಆಂಪ್ಲಿಫೈಯರನ್ನು ಜೋಡಿಸಿ ಸ್ಪೀಕರ್ ಸುಡುವ ಹಳೆಯ ಪ್ರಮಾದ ಇಲ್ಲಿ ನಡೆಯುವುದಿಲ್ಲ. ಹಿಂಬದಿಯ ಫಲಕದಲ್ಲಿ ಮೈಕ್ ಮತ್ತು ಲೈನ್ ಇನ್‌ಪುಟ್‌ಗಳು, ಗೇನ್ ತಿರುಗುಗುಂಡಿ, ಪಕ್ಕದ ಪೆಟ್ಟಿಗೆಗೆ ಸಂಕೇತ ದಾಟಿಸುವ ಲಿಂಕ್ ಅಥವಾ ಥ್ರೂ ಔಟ್‌ಪುಟ್, ಪವರ್, ಸಿಗ್ನಲ್, ಲಿಮಿಟ್ ಎಂದು ತೋರಿಸುವ ಪುಟ್ಟ ದೀಪಗಳು ಇರುತ್ತವೆ. ದೋಷ ಹುಡುಕುವಾಗ ಈ ಮೂರು ದೀಪಗಳು ಹೇಳುವಷ್ಟನ್ನು ಬೇರೆ ಯಾವ ಉಪಕರಣವೂ ಅಷ್ಟು ಬೇಗ ಹೇಳುವುದಿಲ್ಲ.

ಕರೆಂಟಿನ ವಿಷಯದಲ್ಲಿ ಮೊದಲನೆಯ ಮಾತು ಅರ್ತಿಂಗ್. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ, ಉದ್ದಕ್ಕೆ ಇರುವ ಮೇಲಿನ ಪಿನ್ನು ಅರ್ತಿನದು. ಅದು ಉದ್ದವಿರುವುದಕ್ಕೆ ಕಾರಣವಿದೆ: ಪ್ಲಗ್ ಒಳಗೆ ಹೋಗುವಾಗ ಎಲ್ಲಕ್ಕಿಂತ ಮೊದಲು ಅರ್ತ್ ಕೂಡಬೇಕು, ಹೊರಗೆ ಬರುವಾಗ ಎಲ್ಲಕ್ಕಿಂತ ಕೊನೆಗೆ ಅದು ಬಿಡಬೇಕು. ಒಳಗಿನ ಫೇಸ್ ತಂತಿ ಕಳಚಿ ಲೋಹದ ಫಲಕಕ್ಕೆ ತಗುಲಿದರೆ ಆ ವಿದ್ಯುತ್ತು ಮನುಷ್ಯನ ಮೈಯನ್ನು ಹಾಯದೆ ಅರ್ತ್ ತಂತಿಯಲ್ಲಿ ಹರಿದು ಫ್ಯೂಸನ್ನೋ ಎಂಸಿಬಿಯನ್ನೋ ಬೀಳಿಸುತ್ತದೆ. ಅರ್ತ್ ಇಲ್ಲದಿದ್ದರೆ ಆ ದಾರಿ ಇಲ್ಲ.

ಒಳಗೆ ಏನೂ ಕೆಡದಿದ್ದರೂ ಅರ್ತ್ ಇಲ್ಲದ ಕಡೆ ಮೈಕುಗಳ ಸಂಕೇತಗಳನ್ನು ಒಂದುಗೂಡಿಸುವ ಮಿಕ್ಸರಿನ ಅಥವಾ ಸ್ಪೀಕರಿನ ಲೋಹವನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದುಂಟು. ಇಂದಿನ ಸ್ವಿಚಿಂಗ್ ಪವರ್ ಸಪ್ಲೈಗಳಲ್ಲಿ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಲೋಹದ ಮೈಗೆ ಕೂಡಿಕೊಂಡಿರುತ್ತವೆ. ಅರ್ತ್ ಸಂಪರ್ಕ ತಪ್ಪಿದಾಗ ಆ ಲೋಹ ಎರಡರ ನಡುವಿನ ಮಟ್ಟದಲ್ಲಿ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ವಿದ್ಯುತ್ತು ಅಲ್ಪವಾದ್ದರಿಂದ ಸಾಮಾನ್ಯವಾಗಿ ಜೀವಕ್ಕೆ ಎರವಾಗುವುದಿಲ್ಲ. ಆದರೆ ಅದನ್ನು ಎಲ್ಲ ಕಡೆಯೂ ಇರುವುದೇ ಎಂದು ಬಿಟ್ಟುಬಿಡುವುದು ದೊಡ್ಡ ತಪ್ಪು. ಈ ಮಂಟಪದಲ್ಲಿ ಅರ್ತಿಂಗ್ ಇಲ್ಲ ಎಂಬ ಸುದ್ದಿಯನ್ನು ಆ ಜುಮ್ಮು ಮೊದಲೇ ತಿಳಿಸುತ್ತದೆ. ನಿಜವಾದ ಶಾರ್ಟ್ ಅದೇ ಸಂಜೆ ಆದರೆ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮೈಕನ್ನು ತುಟಿಗೆ ತಾಗಿಸಿ ಹಾಡುವ ಹುಡುಗಿಯ ಮೈಯೇ ಅರ್ತ್ ಆಗುತ್ತದೆ.

ಆದ್ದರಿಂದ ಅರ್ತ್ ಪಿನ್ನನ್ನು ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ಪ್ಲಗ್ ಸಿಗದೆಂದು ಬೋಳು ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವುದು, ಇವು ಯಾವ ಅವಸರದಲ್ಲೂ ಸಲ್ಲದ ಕೆಲಸಗಳು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದಾಗ ಅರ್ತ್ ಪಿನ್ನನ್ನು ತೆಗೆದರೆ ಅದು ನಿಲ್ಲುತ್ತದೆಂಬುದು ಮೈಕ್ ಸೆಟ್ ವಲಯದಲ್ಲಿ ಬಹುಕಾಲದಿಂದ ಹರಿದುಬಂದ ಉಪಾಯ. ಸದ್ದು ನಿಲ್ಲುವುದೂ ಹೌದು. ಆದರೆ ಜೊತೆಗೆ ರಕ್ಷಣೆಯೂ ಹೋಗುತ್ತದೆ. ಆ ಗುಂಯ್ ಸದ್ದನ್ನು ಸುರಕ್ಷಿತವಾಗಿ ನಿಲ್ಲಿಸುವ ದಾರಿಗಳು ಬೇರೆ ಇವೆ; ಅವು ಮುಂದೆ ಬರುತ್ತವೆ.

ಸಾಕೆಟ್ಟಿನ ಅರ್ತ್ ಸರಿಯಿದೆಯೇ ಎಂಬುದನ್ನು ಮೂರು ದೀಪಗಳ ಸಾಕೆಟ್ ಟೆಸ್ಟರ್ ಕ್ಷಣದಲ್ಲಿ ತೋರಿಸುತ್ತದೆ. ಜೇಬಿನಲ್ಲಿಡುವ ನಿಯಾನ್ ಟೆಸ್ಟರ್ ಫೇಸ್ ಯಾವುದೆಂದು ಮಾತ್ರ ಹೇಳೀತು. ಅರ್ತಿನ ಬಗ್ಗೆ ಅದು ಮೂಕ. ಮಲ್ಟಿಮೀಟರ್ ಇದ್ದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230, ಫೇಸ್ ಮತ್ತು ಅರ್ತ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟು ತೋರಬೇಕು. ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರುವ ಬೋರ್ಡಿನಿಂದಲೇ ವಿದ್ಯುತ್ತು ತೆಗೆದುಕೊಳ್ಳುವುದು ಕ್ಷೇಮ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಅಷ್ಟು ಸಣ್ಣ ಅಂತರ ಕಂಡರೂ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಕಾರ್ಯಕ್ರಮಕ್ಕೆ ಮುನ್ನ ಒಮ್ಮೆ ಒತ್ತಿ ನೋಡಬೇಕು. ಬೀದಿಯ ವಿದ್ಯುತ್ ಲೈನಿಗೆ ಕೊಕ್ಕೆ ಹಾಕಿ ಪೆಂಡಾಲಿಗೆ ಕರೆಂಟು ಎಳೆಯುವುದು ಕಾನೂನಿನಲ್ಲಿ ಕಳ್ಳತನ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಅರ್ತೂ ಇಲ್ಲ, ಎಂಸಿಬಿಯೂ ಇಲ್ಲ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳಂಥ ಸರಬರಾಜು ಕಂಪನಿಗಳು ತಾತ್ಕಾಲಿಕ ಸಂಪರ್ಕ ಕೊಡುತ್ತವೆ. ಉತ್ಸವಗಳಿಗೆ ಅದೇ ಸರಿಯಾದ ದಾರಿ.

ಮೂರು ಫೇಸಿನ ಸಂಪರ್ಕ ಇರುವಲ್ಲಿ ಇನ್ನೊಂದು ಗಂಡಾಂತರ ನ್ಯೂಟ್ರಲ್ ಸಡಿಲವಾಗುವುದು. ನ್ಯೂಟ್ರಲ್ ಕಳಚಿದ ಕ್ಷಣ ಒಂದು ಫೇಸಿನ ಮೇಲಿರುವ ಹಗುರ ಹೊರೆಗೆ 400 ವೋಲ್ಟಿನ ಸಮೀಪದವರೆಗೂ ಒತ್ತಡ ಬೀಳಬಹುದು. ದೀಪಗಳು ಕೆಲವು ಕಡೆ ಮಂಕಾಗಿ ಕೆಲವು ಕಡೆ ಕಣ್ಣು ಕೋರೈಸುವಂತೆ ಉರಿದರೆ ಅದೇ ಲಕ್ಷಣ. ಕೂಡಲೇ ಮೇನ್ ಆಫ್ ಮಾಡಬೇಕು. ತಂತಿ ಜೋಡಿಸುವವರು ಬಣ್ಣದ ವಿಷಯದಲ್ಲೂ ಎಚ್ಚರವಿರಬೇಕು. ನಮ್ಮ ಕಟ್ಟಡಗಳ ಹಳೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸುಗಳು, ಕಪ್ಪು ನ್ಯೂಟ್ರಲ್. ಉಪಕರಣದ ಜೊತೆ ಬರುವ ಮೆದು ಕೇಬಲ್ಲಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಒಂದರಲ್ಲಿ ಫೇಸ್ ಆಗಿರುವ ನೀಲಿ ಇನ್ನೊಂದರಲ್ಲಿ ನ್ಯೂಟ್ರಲ್ ಆಗಿರುತ್ತದೆ. ನೀಲಿಗೆ ನೀಲಿ ಎಂದು ಕಣ್ಣಂದಾಜಿನಲ್ಲಿ ಸೇರಿಸಿದರೆ ಎರಡು ಫೇಸುಗಳ ನಡುವಿನ ವೋಲ್ಟೇಜು ಸ್ಪೀಕರಿಗೆ ಹೊಕ್ಕೀತು. ಹೀಗಾಗಿ ತಾತ್ಕಾಲಿಕ ಬೋರ್ಡು ಕಟ್ಟುವ ಕೆಲಸ ಪರವಾನಗಿ ಪಡೆದ ಎಲೆಕ್ಟ್ರಿಶಿಯನ್ನಿನದು.

ಎಕ್ಸ್‌ಟೆನ್ಶನ್ ತಂತಿ ಮೂರೆಳೆಯ ತಾಮ್ರದ್ದೇ ಆಗಿರಬೇಕು, 1.5 ಚದರ ಮಿಲಿಮೀಟರಿಗಿಂತ ತೆಳುವಾಗಿರಬಾರದು. ಅಷ್ಟು ದಪ್ಪದ ತಂತಿಯಲ್ಲೂ 50 ಮೀಟರ್ ದೂರಕ್ಕೆ 10 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ ಹನ್ನೆರಡು ವೋಲ್ಟಿನಷ್ಟು ಸೋರಿಹೋಗುತ್ತದೆ. ದೂರ ಹೆಚ್ಚಿದ್ದರೆ 2.5 ಚದರ ಮಿಲಿಮೀಟರಿನದು ಬೇಕು. ಡ್ರಮ್ಮಿಗೆ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚದೆ ಬಳಸಿದರೆ ಸುರುಳಿಯ ಒಳಭಾಗದ ಬಿಸಿ ಹೊರಹೋಗದೆ ಪ್ಲಾಸ್ಟಿಕ್ ಕರಗುವುದುಂಟು. ಜನ ನಡೆಯುವ ಕಡೆ ತಂತಿಯನ್ನು ಕಂಬಳಿಯಡಿ ಬಚ್ಚಿಡುವುದಕ್ಕಿಂತ ಅಂಚಿನಲ್ಲಿ ಹಾಯಿಸಿ ಟೇಪು ಹಾಕುವುದು ಮೇಲು.

ಜನರೇಟರ್ ಬಳಸುವಾಗ ಅದನ್ನು ಮೊದಲು ಚಾಲೂ ಮಾಡಿ, ಓಟ ಸ್ಥಿರವಾಗಿ ವೋಲ್ಟೇಜು ನೆಲೆಗೊಂಡ ಮೇಲಷ್ಟೇ ಸ್ಪೀಕರುಗಳನ್ನು ಆನ್ ಮಾಡಬೇಕು. ನಿಲ್ಲಿಸುವ ಮುನ್ನ ಸ್ಪೀಕರುಗಳನ್ನು ಆಫ್ ಮಾಡಿರಬೇಕು. ಡೀಸೆಲ್ ಮುಗಿದು ಜನರೇಟರ್ ಕುಂಟುತ್ತ ನಿಲ್ಲುವ ಹೊತ್ತಿನ ಏರಿಳಿತ ಪವರ್ ಸಪ್ಲೈಗಳನ್ನು ಕೆಡಿಸುತ್ತದೆ. ಕೆಲವು ಪೆಟ್ಟಿಗೆಗಳ ಹಿಂಬದಿಯಲ್ಲಿ 115 ಮತ್ತು 230 ಎಂಬ ಆಯ್ಕೆಯ ಸ್ವಿಚ್ಚಿರುತ್ತದೆ. ಹೊರದೇಶದಿಂದ ಬಂಧುಗಳು ತಂದುಕೊಟ್ಟ ಪೆಟ್ಟಿಗೆಯಾದರೆ ಮೊದಲ ಬಾರಿ ಪ್ಲಗ್ ಹಾಕುವ ಮುನ್ನ ಅದನ್ನು ನೋಡಲೇಬೇಕು.

ಇನ್ನು ಸಂಕೇತದ ತಂತಿ. ಮೈಕಿನಿಂದ ಹೊರಡುವ ಸಂಕೇತ ವೋಲ್ಟಿನ ಸಾವಿರದ ಕೆಲವು ಭಾಗಗಳಷ್ಟು ಕ್ಷೀಣ. ಮಿಕ್ಸರಿನಿಂದ ಹೊರಡುವ ಲೈನ್ ಮಟ್ಟದ ಸಂಕೇತ ಸುಮಾರು 1.23 ವೋಲ್ಟು. ಹಿಂಬದಿಯ ಮೈಕ್-ಲೈನ್ ಸ್ವಿಚ್ ಈ ಅಗಾಧ ಅಂತರಕ್ಕಾಗಿಯೇ ಇರುವುದು. ಮಿಕ್ಸರಿನ ಸಂಕೇತವನ್ನು ಮೈಕ್ ಸ್ಥಾನಕ್ಕೆ ಕೊಟ್ಟರೆ ಧ್ವನಿ ಹರಿದು ಚಿಂದಿಯಾಗುತ್ತದೆ. ಮೈಕನ್ನು ಲೈನ್ ಸ್ಥಾನಕ್ಕೆ ಕೊಟ್ಟರೆ ಪಿಸುಮಾತೂ ಕೇಳಿಸದು. ಹಳೆಯ ಆಂಪ್ಲಿಫೈಯರಿನ ಸ್ಪೀಕರ್ ಔಟ್‌ಪುಟ್ಟನ್ನು ಪವರ್ಡ್ ಸ್ಪೀಕರಿನ ಇನ್‌ಪುಟ್ಟಿಗೆ ಕೊಡುವುದಂತೂ ವಿನಾಶ. ಎಂಟು ಓಮಿಗೆ 400 ವಾಟ್ ಕೊಡುವ ಆಂಪ್ಲಿಫೈಯರಿನ ಬಾಯಲ್ಲಿ ಐವತ್ತಾರು ವೋಲ್ಟಿರುತ್ತದೆ, ಒಂದೂಕಾಲು ವೋಲ್ಟಿಗೆಂದು ಮಾಡಿದ ಇನ್‌ಪುಟ್ ಅದನ್ನು ತಾಳಲಾರದು. ಹಳೆಯ ಸೆಟ್ಟಿನ ಜೊತೆ ಹೊಸ ಪೆಟ್ಟಿಗೆ ಸೇರಿಸುವವರು ಲೈನ್ ಔಟ್ ಎಂದು ಬರೆದಿರುವ ತೂತನ್ನೇ ಹುಡುಕಬೇಕು.

ಮಿಕ್ಸರಿನಿಂದ ಪೆಟ್ಟಿಗೆಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲೇ ಉತ್ತಮ. ಅದರ ಒಂದನೆಯ ಪಿನ್ನು ಕವಚದ್ದು. ಎರಡು ಮತ್ತು ಮೂರನೆಯವುಗಳಲ್ಲಿ ಒಂದೇ ಸಂಕೇತ ಒಂದಕ್ಕೊಂದು ತಿರುವುಮುರುವಾಗಿ ಸಾಗುತ್ತದೆ. ದಾರಿಯಲ್ಲಿ ಹೊಕ್ಕ ಗದ್ದಲ ಎರಡರಲ್ಲೂ ಒಂದೇ ತೆರನಾಗಿ ಇರುತ್ತದೆ. ಪೆಟ್ಟಿಗೆ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗದ್ದಲ ಅಳಿದು ಸಂಕೇತ ಉಳಿಯುತ್ತದೆ. ಇದಕ್ಕೆ ಬ್ಯಾಲೆನ್ಸ್ಡ್ ಜೋಡಣೆ ಎನ್ನುತ್ತಾರೆ; 30-40 ಮೀಟರ್ ಎಳೆದರೂ ಕೆಡುವುದಿಲ್ಲ. ಮೊಬೈಲು, ಲ್ಯಾಪ್‌ಟಾಪುಗಳ ಸಣ್ಣ ಜ್ಯಾಕಿನ ತಂತಿಗೆ ಈ ರಕ್ಷಣೆ ಇಲ್ಲ, ಅದನ್ನು ಐದಾರು ಮೀಟರಿಗೆ ಮಿತಿಗೊಳಿಸಬೇಕು. ಬ್ಲೂಟೂತಿನಲ್ಲಿ ಹಾಡು ಹಾಕುವವರು ಫೋನನ್ನು ಮೊದಲು ಏರೋಪ್ಲೇನ್ ಮೋಡಿಗೆ ಹಾಕಿ ಆಮೇಲೆ ಬ್ಲೂಟೂತ್ ಒಂದನ್ನೇ ಆನ್ ಮಾಡಿಕೊಂಡರೆ ನಾಡಗೀತೆಯ ನಡುವೆ ಕರೆಯ ಗಂಟೆ ಮೊಳಗುವುದಿಲ್ಲ.

ಆನ್ ಮಾಡುವ ಕ್ರಮ ಹೀಗೆ: ಎಲ್ಲ ತಂತಿಗಳೂ ಕೂಡಿದ ಮೇಲೆ ಮೊದಲು ಮಿಕ್ಸರ್, ಕೊನೆಗೆ ಸ್ಪೀಕರುಗಳು. ಆಫ್ ಮಾಡುವಾಗ ಮೊದಲು ಸ್ಪೀಕರುಗಳು, ಕೊನೆಗೆ ಮಿಕ್ಸರ್. ಮಿಕ್ಸರನ್ನು ಆನ್ ಅಥವಾ ಆಫ್ ಮಾಡುವಾಗ ಹುಟ್ಟುವ ವಿದ್ಯುತ್ತಿನ ಜಿಗಿತ ತೆರೆದ ಆಂಪ್ಲಿಫೈಯರಿಗೆ ತಲುಪಿದರೆ ಧಡ್ ಎಂಬ ಸದ್ದಿನೊಂದಿಗೆ ಕೋನ್ ಮುಂದಕ್ಕೆ ಚಿಮ್ಮುತ್ತದೆ. ಒಂದು ಸಲಕ್ಕೆ ಏನೂ ಆಗದಿರಬಹುದು. ದಿನವೂ ಹೀಗಾದರೆ ಕೋನ್ ಬಳಲುತ್ತದೆ. ಕೇಬಲ್ ಕೀಳುವಾಗ, ಹಾಕುವಾಗಲೂ ಆ ಚಾನಲ್ಲಿನ ಸದ್ದನ್ನು ಇಳಿಸಿಕೊಂಡಿರಬೇಕು.

ಸದ್ದಿನ ಮಟ್ಟ ಹೊಂದಿಸುವಾಗ ಪೆಟ್ಟಿಗೆಯ ಗೇನನ್ನು ನಡುಗೆರೆಗೆ ನಿಲ್ಲಿಸಿ, ಮಿಕ್ಸರಿನಲ್ಲಿ ಮಾತಿನ ಮಟ್ಟ ಸೊನ್ನೆಯ ಆಸುಪಾಸಿನಲ್ಲಿ ಆಡುವಂತೆ ಮಾಡಿ, ಆಮೇಲೆ ಸಭಾಂಗಣಕ್ಕೆ ಬೇಕಾದಷ್ಟು ಏರಿಸಬೇಕು. ಮಿಕ್ಸರಿನಲ್ಲಿ ತೀರ ಇಳಿಸಿ ಪೆಟ್ಟಿಗೆಯಲ್ಲಿ ಪೂರ್ತಿ ಏರಿಸಿದರೆ ಸರ್ ಎಂಬ ಹಿನ್ನೆಲೆ ಸದ್ದು ತುಂಬುತ್ತದೆ. ತಿರುವುಮುರುವಾಗಿ ಮಾಡಿದರೆ ಮಿಕ್ಸರ್ ಮಟ್ಟ ಮೀರಿ ಅಲೆಗಳ ತಲೆ ಕತ್ತರಿಸುತ್ತದೆ. ಹೀಗೆ ತಲೆ ಕತ್ತರಿಸಿದ ಅಲೆಯಲ್ಲಿ ಮೇಲುಸ್ವರಗಳ ಅಂಶವೂ ಸರಾಸರಿ ಶಕ್ತಿಯೂ ಹೆಚ್ಚು, ಹಾರ್ನಿನ ಹಿಂದಿನ ಪುಟ್ಟ ಡ್ರೈವರ್ ಸುಡುವುದು ಬಹುಮಟ್ಟಿಗೆ ಇದರಿಂದಲೇ. ಪೆಟ್ಟಿಗೆಯ ಲಿಮಿಟರ್ ಇದನ್ನು ಸರಿಪಡಿಸಲಾರದು, ಏಕೆಂದರೆ ಕೆಟ್ಟ ಅಲೆ ಅದರ ಬಳಿ ಬರುವಾಗಲೇ ಕೆಟ್ಟಿರುತ್ತದೆ. ಲಿಮಿಟ್ ದೀಪ ಚಂಡೆಯ ಪೆಟ್ಟಿಗೊಮ್ಮೆ ಮಿನುಗಿದರೆ ಚಿಂತೆಯಿಲ್ಲ. ಸತತ ಉರಿಯುತ್ತಿದ್ದರೆ ಒಳಗಿನ ಕಾಯಿಲ್ ಕಾಯುತ್ತಿದೆ. ಇನ್ನಷ್ಟು ಏರಿಸಿದರೂ ಸದ್ದು ಹೆಚ್ಚಾಗುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ.

ವಾಟುಗಳ ಬಗ್ಗೆ ಇರುವ ಮೋಹವೂ ಇಲ್ಲಿ ಹೇಳಬೇಕಾದ್ದೇ. ಶಕ್ತಿಯನ್ನು ಇಮ್ಮಡಿ ಮಾಡಿದರೆ ಸಿಗುವುದು 3 ಡೆಸಿಬೆಲ್ ಏರಿಕೆ. ಕಿವಿಗೆ ಅದು ತುಸುವೇ ಜೋರು. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ಹಿಂದಿನ ಸಾಲಿಗೆ ಕೇಳಿಸದಿದ್ದರೆ ಮುಂದಿನ ಸಾಲಿನ ಮಕ್ಕಳ ಕಿವಿ ಸೀಳುವಂತೆ ಏರಿಸುವ ಬದಲು ಪೆಟ್ಟಿಗೆಯನ್ನು ಎತ್ತರಕ್ಕೆ ಏರಿಸಬೇಕು, ಇಲ್ಲವೇ ನಡುವೆ ಇನ್ನೊಂದು ಜೊತೆ ಇಡಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂಬುದು ಕೆಲಸದ ಜಾಗಗಳಿಗೆ ವ್ಯಾಪಕವಾಗಿ ಒಪ್ಪಿದ ಲೆಕ್ಕ; ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲಿಗೆ ಉಳಿಯುವುದು ಕಾಲು ಗಂಟೆ. ಪೆಟ್ಟಿಗೆಯ ಎದುರು ಒಂದು ಮೀಟರಿನಲ್ಲಿ ಅದನ್ನು ಮೀರುವುದು ಏನೇನೂ ಕಷ್ಟವಲ್ಲ. ಪುಟ್ಟ ಮಕ್ಕಳನ್ನು ಸ್ಪೀಕರಿನ ಬಾಯಿಗೇ ಕೂರಿಸುವ ಏರ್ಪಾಡು ಶಾಲೆಗಳಲ್ಲಿ ತಪ್ಪಬೇಕು.

ಕಾನೂನೂ ಇದೆ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಭಾಂಗಣದಂಥ ಮುಚ್ಚಿದ ಜಾಗಗಳನ್ನು ಬಿಟ್ಟು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಬಡಾವಣೆಯಲ್ಲಿ ಒಬ್ಬ ಹೃದ್ರೋಗಿ, ಒಂದು ಹಸುಗೂಸು ಇದ್ದೇ ಇರುತ್ತಾರೆಂದು ನೆನಪಿಟ್ಟು ಪೆಟ್ಟಿಗೆಯ ಮುಖವನ್ನು ಸಭೆಯ ಕಡೆಗೆ ತುಸು ಬಾಗಿಸುವುದು ಅನುಮತಿ ಪತ್ರದಷ್ಟೇ ಮುಖ್ಯ.

ನಿಲ್ಲಿಸುವ ಬಗೆ ಸರಳ, ಆದರೆ ಉಪೇಕ್ಷೆಗೆ ಗುರಿಯಾದದ್ದು. ಪೆಟ್ಟಿಗೆಯ ತಳದ ಗುಳಿ ಸಾಮಾನ್ಯವಾಗಿ 35 ಮಿಲಿಮೀಟರಿನ ಕೊಳವೆಗೆ ಹೊಂದುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಅಗಲಿಸಿ, ತಿರುಪು ಬಿಗಿದ ಮೇಲೆ ಲೋಹದ ಪಿನ್ನನ್ನೂ ತೂರಿಸಬೇಕು. ಗಾಳಿಯಿರುವ ಬಯಲಿನಲ್ಲಿ ಕಾಲುಗಳ ಮೇಲೆ ಮರಳುಚೀಲ ಹೇರಬೇಕು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುರ್ಚಿ ಪೇರಿಸಿ ಇಡುವುದು, ಹಿಡಿಕೆಗೆ ಹಗ್ಗ ಕಟ್ಟಿ ತೂಗುಹಾಕುವುದು ಅಪಾಯ. ತೂಗುಹಾಕಲೆಂದೇ ಮಾಡಿದ ತಿರುಪಿನ ತೂತುಗಳಿಲ್ಲದ ಪೆಟ್ಟಿಗೆಯನ್ನು ತೂಗುಹಾಕಬಾರದು. ಆಂಪ್ಲಿಫೈಯರಿನ ಬಿಸಿ ಹೊರಡುವುದು ಹಿಂಬದಿಯಿಂದ, ಅಲ್ಲಿ ಒಂದು ಗೇಣಾದರೂ ಜಾಗ ಬಿಡಬೇಕು. ಮಳೆ ಬಂತೆಂದು ಇಡೀ ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಾರಿಸಿದರೆ ಒಳಗೆ ಬೆಂದುಹೋಗುತ್ತದೆ. ಮಳೆಗೆ ಮೇಲೆ ಚಪ್ಪರ ಬೇಕು. ಇಲ್ಲವಾದರೆ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಮುಚ್ಚಬೇಕು.

ಕಾರ್ಯಕ್ರಮಗಳನ್ನು ಕೆಡಿಸುವ ಕೂಗು ಅಥವಾ ಫೀಡ್‌ಬ್ಯಾಕ್ ಹೆಚ್ಚಾಗಿ ಪೆಟ್ಟಿಗೆಯ ದೋಷವಲ್ಲ, ಜಾಗದ ದೋಷ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿನಲ್ಲಿ ಹೊರಟು, ಪ್ರತಿ ಸುತ್ತಿಗೂ ಬೆಳೆದು ಶಿಳ್ಳೆಯಾಗುತ್ತದೆ. ಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಸಭೆಯ ಕಡೆಗೆ ಮುಖ ಮಾಡಿ ನಿಂತಿದ್ದರೆ ಅರ್ಧ ತೊಂದರೆ ತೀರಿತು. ಬಾಯಿಗೂ ಮೈಕಿಗೂ ಇರುವ ಅಂತರವನ್ನು ಅರ್ಧಕ್ಕಿಳಿಸಿದರೆ 6 ಡೆಸಿಬೆಲ್ ಪುಕ್ಕಟೆಯಾಗಿ ಸಿಗುತ್ತದೆ. ಬಳಸದ ಮೈಕುಗಳನ್ನು ಆಫ್ ಮಾಡಿಡಬೇಕು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ 3 ಡೆಸಿಬೆಲ್ ಕಳೆದುಕೊಂಡಂತೆ. ಯಕ್ಷಗಾನದ ಭಾಗವತರ ಎದುರಿನ ಮಾನಿಟರ್ ಸ್ಪೀಕರನ್ನು ಕಾರ್ಡಿಯಾಯ್ಡ್ ಮೈಕಿನ ಬೆನ್ನಿಗೆ ಸರಿಯಾಗಿ ಇಡಬೇಕು, ಆ ಮೈಕ್ ಬೆನ್ನ ಕಡೆಯಿಂದ ಬರುವ ಸದ್ದನ್ನು ಬಹಳ ಕಡಿಮೆ ಕೇಳಿಸಿಕೊಳ್ಳುತ್ತದೆ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಗುಣ ಹೋಗಿ ಅದು ಸುತ್ತಲಿನದನ್ನೆಲ್ಲ ಕೇಳತೊಡಗುತ್ತದೆ. ನಿರೂಪಕರಿಗೆ ಮೊದಲೇ ಹೇಳಿಕೊಡಬೇಕಾದ ಪಾಠ ಇದು.

ಇಷ್ಟೆಲ್ಲ ನೋಡಿಕೊಂಡರೂ ತೊಂದರೆ ಬರುತ್ತದೆ. ದೋಷ ಹುಡುಕುವ ವಿಧಾನ, ತೂತುಬಿದ್ದ ಕಾಲುವೆಯಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತ ಹೋಗುವ ರೈತನದ್ದೇ: ಮೂಲದಿಂದ ಬಾಯಿಯವರೆಗೆ ಒಂದೊಂದೇ ಹಂತ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಗಾಬರಿಯಲ್ಲಿ ಕೇಬಲ್, ಮೈಕ್, ಚಾನಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಬಂದರೂ ಕೆಟ್ಟದ್ದು ಯಾವುದೆಂದು ತಿಳಿಯುವುದಿಲ್ಲ, ಆ ಕೆಟ್ಟ ಕೇಬಲ್ ಚೀಲಕ್ಕೆ ಮರಳಿ ನಾಳೆ ಇನ್ನೊಂದು ಸಭೆ ಕೆಡಿಸುತ್ತದೆ.

ಪವರ್ ದೀಪವೇ ಹೊತ್ತದಿದ್ದರೆ ಹುಡುಕಾಟ ಕರೆಂಟಿನ ತಂತಿಗೆ ಸೀಮಿತ. ಸಾಕೆಟ್ಟಿಗೆ ಬೇರೆ ದೀಪ ಹಾಕಿ ನೋಡಬೇಕು, ಪವರ್ ಕೇಬಲನ್ನು ಪಕ್ಕದ ಪೆಟ್ಟಿಗೆಯದರೊಂದಿಗೆ ಅದಲುಬದಲು ಮಾಡಬೇಕು, ಹಿಂಬದಿಯಲ್ಲಿ ಕೇಬಲ್ ಪೂರ್ತಿ ಒಳಹೊಕ್ಕಿದೆಯೇ ನೋಡಬೇಕು. ಹೊರಗಿನಿಂದ ಬದಲಿಸಬಹುದಾದ ಫ್ಯೂಸಿದ್ದರೆ ಪ್ಲಗ್ ಕಿತ್ತ ಮೇಲೆ ತೆಗೆದು, ಅದೇ ಅಳತೆಯದನ್ನೇ ಹಾಕಬೇಕು. ಹೊಸದೂ ಕೂಡಲೇ ಹೋದರೆ ಒಳಗೆ ಶಾರ್ಟ್ ಇದೆ. ಬೆಳ್ಳಿಕಾಗದ ಸುತ್ತಿ ಅಥವಾ ದಪ್ಪ ತಂತಿ ಕಟ್ಟಿ ಓಡಿಸುವುದೆಂದರೆ ಬೆಂಕಿಗೆ ಆಹ್ವಾನ.

ಪವರ್ ದೀಪವಿದ್ದು ಸದ್ದಿಲ್ಲದಿದ್ದರೆ ಸಿಗ್ನಲ್ ದೀಪವನ್ನು ನೋಡಬೇಕು. ಅದು ಮಿನುಗುತ್ತಿದ್ದರೆ ಸಂಕೇತ ಪೆಟ್ಟಿಗೆಯನ್ನು ತಲುಪಿದೆ, ದೋಷ ಗೇನಿನಲ್ಲಿ, ರಕ್ಷಣಾ ವ್ಯವಸ್ಥೆಯಲ್ಲಿ ಅಥವಾ ಒಳಗೆ. ಮಿನುಗದಿದ್ದರೆ ದೋಷ ಹಿಂದೆಲ್ಲೋ ಇದೆ. ಆಗ ಮಿಕ್ಸರಿನ ಕೇಬಲ್ ಕಿತ್ತು, ಸದ್ದು ಇಳಿಸಿ, ಮೊಬೈಲಿನಿಂದ ನೇರ ಹಾಡು ಕೊಟ್ಟು ನೋಡಬೇಕು. ಹಾಡು ಬಂದರೆ ಪೆಟ್ಟಿಗೆ ನಿರ್ದೋಷಿ. ಬಹುಪಾಲು ಪ್ರಕರಣಗಳಲ್ಲಿ ಸಿಕ್ಕಿಬೀಳುವುದು ಎಕ್ಸ್‌ಎಲ್‌ಆರ್ ತುದಿಯಲ್ಲಿ ಬೆಸುಗೆ ಬಿಟ್ಟ ಎಳೆ, ಇಲ್ಲವೇ ಮಿಕ್ಸರಿನಲ್ಲಿ ಮರೆತು ಒತ್ತಿದ ಮ್ಯೂಟ್ ಗುಂಡಿ.

ಗುಂಯ್ ಸದ್ದಿಗೆ ಪರೀಕ್ಷೆ ಒಂದೇ ನಿಮಿಷದ್ದು. ಸಂಕೇತದ ಕೇಬಲ್ ಕಿತ್ತಾಗಲೂ ಗುಂಯ್ ಉಳಿದರೆ ದೋಷ ಪೆಟ್ಟಿಗೆಯದು. ನಿಂತರೆ ಅದು ಬಹುಮಟ್ಟಿಗೆ ಗ್ರೌಂಡ್ ಲೂಪ್: ಮಿಕ್ಸರ್ ಒಂದು ಸಾಕೆಟ್ಟಿನ ಅರ್ತಿಗೆ, ಸ್ಪೀಕರ್ ದೂರದ ಇನ್ನೊಂದರ ಅರ್ತಿಗೆ ಕೂಡಿ, ಎರಡರ ನಡುವೆ ಕೇಬಲ್ಲಿನ ಕವಚದ ಮೂಲಕ 50 ಹರ್ಟ್ಸಿನ ಸಣ್ಣ ವಿದ್ಯುತ್ತು ಹರಿಯುತ್ತಿದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಎಳೆಯುವುದು ಮೊದಲ ಪರಿಹಾರ. ಬ್ಯಾಲೆನ್ಸ್ಡ್ ಕೇಬಲ್ ಬಳಸುವುದು ಎರಡನೆಯದು. ಅದಕ್ಕೂ ಬಗ್ಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಅಥವಾ ಐಸೊಲೇಟರ್ ಹಾಕಿ, ಅದರ ಗ್ರೌಂಡ್ ಲಿಫ್ಟ್ ಗುಂಡಿಯಿಂದ ಸಂಕೇತದ ಕವಚವನ್ನು ಕಡಿಯಬಹುದು. ಕರೆಂಟಿನ ಅರ್ತ್ ಹಾಗೇ ಉಳಿಯುತ್ತದೆ. ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ ಕಿರಿಕಿರಿ ಸದ್ದು ಬಂದರೆ ಅದರ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಬೇಕು. ಮಂಟಪದ ದೀಪಗಳ ಡಿಮ್ಮರಿನ ತಂತಿಗೆ ಒತ್ತಿಕೊಂಡು ಸಂಕೇತದ ಕೇಬಲ್ ಹಾಯ್ದಿದ್ದರೂ ಇದೇ ತೆರನ ಸದ್ದು ಬರುತ್ತದೆ. ಎರಡನ್ನೂ ದೂರ ಸರಿಸಬೇಕು, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಬೇಕು.

ಅರ್ಧ ಗಂಟೆ ಚೆನ್ನಾಗಿ ನಡೆದು ತಾನಾಗಿ ನಿಂತು, ತಣಿದ ಮೇಲೆ ಮತ್ತೆ ಮಾತಾಡುವ ಪೆಟ್ಟಿಗೆಗೆ ಬಿಸಿಯೇ ಕಾರಣ: ಬಿಸಿಲು, ಧೂಳು ಮೆತ್ತಿದ ಫ್ಯಾನ್, ಸತತ ಉರಿಯುವ ಲಿಮಿಟ್ ದೀಪ. ಮಾತು ಮಂಕಾಗಿ, ಸಕಾರ ಶಕಾರಗಳು ಕೇಳದಿದ್ದರೆ ಹಾರ್ನಿನ ಡ್ರೈವರ್ ಹೋಗಿದೆ. ಹಲವು ಮಾದರಿಗಳಲ್ಲಿ ಡಯಾಫ್ರಾಮ್ ಒಂದನ್ನೇ ಬದಲಿಸಬಹುದು. ಎರಡು ಪೆಟ್ಟಿಗೆಗಳ ನಡುವೆ ನಿಂತಾಗ ಕೆಳಸ್ವರ ಮಾಯವಾಗಿ, ಒಂದನ್ನು ಆಫ್ ಮಾಡಿದಾಗ ಮರಳಿದರೆ ಯಾವುದೋ ಕೇಬಲ್ಲಿನಲ್ಲಿ ಎರಡು-ಮೂರನೆಯ ಪಿನ್ನುಗಳು ಅದಲುಬದಲಾಗಿವೆ. ಗೇನ್ ತಿರುಗಿಸುವಾಗ ಚರಚರ ಎಂದರೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಪಿನ್ನುಗಳು ಕಿಲುಬುತ್ತವೆ, ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೂಲೆಗಿಟ್ಟ ಪೆಟ್ಟಿಗೆಯೊಳಗೆ ತೇವವೂ ಜಿರಲೆಯೂ ಸೇರುತ್ತವೆ. ಒಣ ಜಾಗದಲ್ಲಿ, ನೆಲದಿಂದ ಎತ್ತರಿಸಿ, ತಿಂಗಳಿಗೊಮ್ಮೆ ಸಣ್ಣ ಸದ್ದಿನಲ್ಲಿ ಓಡಿಸಿದರೆ ಬಾಳಿಕೆ ಹೆಚ್ಚು. ಬ್ಯಾಟರಿ ಇರುವ ಟ್ರಾಲಿ ಸ್ಪೀಕರುಗಳನ್ನು ಚಾರ್ಜ್ ಇಳಿದ ಸ್ಥಿತಿಯಲ್ಲಿ ಎತ್ತಿಟ್ಟರೆ ಒಳಗಿನ ಸೀಸದ ಬ್ಯಾಟರಿ ಸತ್ತೇ ಹೋಗುತ್ತದೆ.

ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ತರಬೇತಾದ ಮೆಕ್ಯಾನಿಕ್‌ಗೆ ಸೇರಿದ್ದು. 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸಿದಾಗ ಒಳಗಿನ ಕೆಪಾಸಿಟರುಗಳಲ್ಲಿ 325 ವೋಲ್ಟಿನಷ್ಟು ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಹೊಗೆ, ಸುಟ್ಟ ವಾಸನೆ, ಎರಡನೆಯ ಸಲ ಹೋದ ಫ್ಯೂಸ್, ನೀರು ಹೊಕ್ಕ ಗುರುತು, ಅರ್ತಿಂಗ್ ಸರಿಯಿದ್ದೂ ಮುಟ್ಟಿದಾಗ ಶಾಕ್: ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ಚನ್ನು ಆಫ್ ಮಾಡಿ, ಪ್ಲಗ್ ಕಿತ್ತು, ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ ಬದಿಗಿಡಬೇಕು. ಉಳಿದ ಒಂದೇ ಪೆಟ್ಟಿಗೆಯಲ್ಲಿ, ಅದೂ ಇಲ್ಲದಿದ್ದರೆ ಬರಿಗಂಟಲಿನಲ್ಲಿ ಸಭೆ ಮುಗಿಸಬಹುದು. ಕೆಟ್ಟ ಪೆಟ್ಟಿಗೆಯನ್ನು ಆ ಸಂಜೆ ಮತ್ತೆ ಚಾಲೂ ಮಾಡಬಾರದು.